ಕೆಂಪು ಕೂದಲು ಅಳಿದುಹೋಗುತ್ತದೆಯೇ? ಸತ್ಯಾಂಶ

ಕೆಂಪು ಕೂದಲಿನವರು ಕೆಲವೇ ತಲೆಮಾರುಗಳಲ್ಲಿ ಇಲ್ಲವಾಗುತ್ತಾರೆ, ಏಕೆಂದರೆ ಆ ಜೀನ್ ಸುಪ್ತವಾದದ್ದು ಎಂಬ ಸಂದೇಶ ಆಗಾಗ ಬರುತ್ತಲೇ ಇರುತ್ತದೆ. ಕೇಳಿದರೆ ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಅದು ತಪ್ಪು. ಸುಪ್ತ ಎಂದರೆ ಪ್ರಬಲ ಜೀನ್ ಜೊತೆಗಿದ್ದಾಗ ಕಣ್ಣಿಗೆ ಕಾಣದಿರುವುದು, ಅಳಿಯುವುದಲ್ಲ.

ಒಂದು ಹಾಳೆಯಲ್ಲಿ ವಂಶದ ಗ್ರಾಫ್ ಬರೆಯಿರಿ. ಒಬ್ಬೊಬ್ಬರಿಗೂ ಒಂದು ಚುಕ್ಕೆ, ತಂದೆ ತಾಯಿಯಿಂದ ಎರಡು ಬಾಣ. ಸುಪ್ತ ಜೀನ್ ಈ ಬಾಣಗಳಲ್ಲಿ ಸದ್ದಿಲ್ಲದೆ ಸಾಗಿ, ಮೊಮ್ಮಕ್ಕಳಲ್ಲಿ ಮತ್ತೆ ಕಾಣಿಸಬಹುದು.

ಇದಕ್ಕೊಂದು ಬೀಜಗಣಿತವೂ ಇದೆ. 1939ರಲ್ಲಿ ಎಥರಿಂಗ್ಟನ್ ಎಂಬ ಗಣಿತಜ್ಞರು ರೂಪಿಸಿದ್ದು. ಪ್ರಬಲ ಜೀನ್ 'ಪ', ಸುಪ್ತ ಜೀನ್ 'ಸ' ಅಂದುಕೊಳ್ಳಿ. ಇಲ್ಲಿ ಗುಣಿಸುವುದು ಎಂದರೆ ಎರಡು ಜೀನ್ ಒಬ್ಬರಲ್ಲಿ ಕೂಡುವುದು, ಉತ್ತರ ಎಂದರೆ ಅವರು ಮುಂದಕ್ಕೆ ದಾಟಿಸುವ ಪಾಲು: ಪ × ಸ = ಅರ್ಧ ಪ + ಅರ್ಧ ಸ. ಗುಣಿಸಿದಾಗ 'ಸ' ಮಾಯವಾಗುವುದಿಲ್ಲ, ಅದರ ಪಾಲು ಹಾಗೇ ಉಳಿಯುತ್ತದೆ. ಇಲ್ಲಿ ಆವರಣ ಎಲ್ಲಿ ಹಾಕುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ: (ಪ × ಪ) × ಸ ಬೇರೆ, ಪ × (ಪ × ಸ) ಬೇರೆ. ಯಾರು ಯಾರ ಮಗು ಎಂಬುದು ಮುಖ್ಯ ತಾನೇ? ನನಗೆ ತುಂಬಾ ಇಷ್ಟವಾದ ಮಾತು ಇದು.

ನೀವೇ ಲೆಕ್ಕ ಹಾಕಿ ನೋಡಿ. 100 ಜೀನ್‌ಗಳಲ್ಲಿ 20 'ಸ' ಇದ್ದರೆ, ಎರಡೂ 'ಸ' ಇರುವವರು 0.2 × 0.2, ಅಂದರೆ ಶೇ 4. ಒಂದೇ 'ಸ' ಹೊತ್ತವರು ಶೇ 32. ಅವರ ಜೀನ್‌ಗಳಲ್ಲಿ ಅರ್ಧ ಮಾತ್ರ 'ಸ', ಅಂದರೆ 16. ಹಾಗಾಗಿ ಮುಂದಿನ ತಲೆಮಾರಿಗೆ ಹೋಗುವ 'ಸ' ಪಾಲು 4 + 16, ಮತ್ತೆ ಅದೇ 20. ಗಣಿತಜ್ಞ ಹಾರ್ಡಿ ಮತ್ತು ವೈದ್ಯ ವೈನ್‌ಬರ್ಗ್ 1908ರಲ್ಲೇ ಇದನ್ನು ಬೇರೆ ಬೇರೆಯಾಗಿ ತೋರಿಸಿದ್ದರು. ಆದರೆ ಪಾಲು ಹೀಗೆ ಉಳಿಯಲು ಜನಸಂಖ್ಯೆ ದೊಡ್ಡದಿರಬೇಕು, ಜೋಡಿಗಳು ಈ ಗುಣ ನೋಡದೆ ಕೂಡಬೇಕು, ಯಾರಿಗೂ ಅದರಿಂದ ಬದುಕಿನಲ್ಲಿ ಲಾಭ ನಷ್ಟ ಇರಬಾರದು. ಈ ಷರತ್ತುಗಳು ತಪ್ಪಿದರೆ ಪಾಲು ಬದಲಾದೀತು, ಆದರೆ ಸುಪ್ತ ಅನ್ನುವ ಕಾರಣಕ್ಕಲ್ಲ.

ಇಂಥ ಸಂದೇಶ ಮತ್ತೆ ಬಂದರೆ, ಅದನ್ನು ಕಳಿಸಿದವರ ಜೊತೆಗೇ ಕೂತು ಈ ಲೆಕ್ಕ ಮಾಡಿ.