ಒಂದೇ ಮೊತ್ತ ಹೇಳಬೇಡಿ
ಬಹಳ ದಿನ ವೆಂಟಿಲೇಟರ್‌ನಲ್ಲಿರುವವರ ಖರ್ಚನ್ನು ಮೊದಲೇ ಅಂದಾಜಿಸಬಹುದು ಅನ್ನೋ ಲೇಖನವೊಂದನ್ನು ಓದಿ ಅಪ್ಪನ ದಿನಗಳು ಕಣ್ಮುಂದೆ ಬಂದವು. ಅವರಿಗೆ ಜಿಬಿಎಸ್ (ಗಿಲಾನ್ ಬಾರೆ ಸಿಂಡ್ರೋಮ್, ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ದಾಳಿ ಮಾಡುವ ಕಾಯಿಲೆ), ಉಸಿರಾಟದ ಸ್ನಾಯುಗಳೇ ಸೋತಿದ್ದವು. ‘ಒಂದು ವಾರ ಅಂದ್ಕೊಳ್ಳಿ’ ಅಂದಿದ್ದರು ಡಾಕ್ಟರು. ಆಗಿದ್ದು 34 ದಿನ.

ಐಸಿಯು ಬೆಡ್, ವೆಂಟಿಲೇಟರ್ ದಿನಕ್ಕೆ ಎಷ್ಟು ಅಂತ ನಮಗೆ ಗೊತ್ತಿತ್ತು. ಲೆಕ್ಕ ತಪ್ಪಿಸಿದ್ದು ಇಮ್ಯುನೊಗ್ಲಾಬ್ಯುಲಿನ್, ಅಂದ್ರೆ ಈ ಕಾಯಿಲೆಗೆ ನರದ ಮೂಲಕ ಕೊಡುವ ಪ್ರತಿಕಾಯಗಳ ಔಷಧ. ದೇಹತೂಕದ ಪ್ರತಿ ಕೆಜಿಗೆ ಒಟ್ಟು 2 ಗ್ರಾಂ, 5 ದಿನಕ್ಕೆ ಹಂಚಿ ಕೊಡುತ್ತಾರೆ. ಆಮೇಲೆ ನ್ಯುಮೋನಿಯಾ, ಅದಕ್ಕೆ ದುಬಾರಿ ಆಂಟಿಬಯೋಟಿಕ್, 12ನೇ ದಿನ ಟ್ರೇಕಿಯಾಸ್ಟಮಿ (ಕತ್ತಿನಲ್ಲಿ ರಂಧ್ರ ಮಾಡಿ ಉಸಿರಾಟದ ಕೊಳವೆ ಹಾಕೋದು). ರಾತ್ರಿ ಎರಡು ಗಂಟೆಗೆ ನರ್ಸ್ ಕೈಗಿಟ್ಟ ಚೀಟಿ ಹಿಡ್ಕೊಂಡು ಕೆಳಗಿನ ಮೆಡಿಕಲ್ಸ್‌ಗೆ ಓಡಿದ್ದೇ ಓಡಿದ್ದು. ಅಮ್ಮನ ಬಳೆ ಅಡವಿಟ್ಟೆವು.

ಡಾಕ್ಟರುಗಳಲ್ಲಿ ಒಂದೇ ಬೇಡಿಕೆ: ವಾರದಲ್ಲಿ ವೆಂಟಿಲೇಟರ್ ಟ್ಯೂಬ್ ತೆಗೆದರೆ ಇಷ್ಟು, 21 ದಿನ ದಾಟಿದರೆ ಇಷ್ಟು, ಸೋಂಕಾದರೆ ಇಷ್ಟು ಅಂತ ಮನೆಯವರನ್ನು ಕೂರಿಸಿಕೊಂಡು ಬರೆದುಕೊಡಿ.