ಬೇಡಿಕೆ ಏನಂತೆ?

ನೆಂಟರ ನಡುವೆ ಕೂತು ಆಕ್ಯುಪೈ ವಾಲ್ ಸ್ಟ್ರೀಟ್ ಚಳವಳಿಯನ್ನು, ಅಂದರೆ ಅಮೆರಿಕದ ದೊಡ್ಡ ಬ್ಯಾಂಕುಗಳ ಮೇಲಿನ ಸಿಟ್ಟಿಗೆ ಜನ ಪಾರ್ಕಿನಲ್ಲೇ ಬೀಡುಬಿಟ್ಟ ಕಥೆಯನ್ನು, ವಿವರಿಸಲು ಹೊರಟವರು ಮೊದಲ ಪ್ರಶ್ನೆಗೇ ಮುಗ್ಗರಿಸುತ್ತಾರೆ. "ಅವರ ಬೇಡಿಕೆ ಏನಂತೆ?" ಅಂತ ಮಾವ ಕೇಳುತ್ತಾರೆ. ಪಟ್ಟಿ ಅಂತ ಒಂದಿರಲಿಲ್ಲ ಎಂದಿರೋ, ಮುಗೀತು. "ಮತ್ತೆ ಮನವಿಪತ್ರ ಯಾರಿಗೆ ಕೊಟ್ಟರು?" ಮನವಿಪತ್ರ ಇರಲಿ, ಕೊಡಲಿಕ್ಕೆ ಒಬ್ಬ ನಾಯಕನೂ ಇರಲಿಲ್ಲ.

ಹಾಗಾಗಿ ದುಡ್ಡಿನಿಂದಲೇ ಶುರು ಮಾಡಿ. 2008ರಲ್ಲಿ ಮುಳುಗುತ್ತಿದ್ದ ಬ್ಯಾಂಕುಗಳನ್ನು ಎತ್ತಲು ಅಮೆರಿಕದ ಸಂಸತ್ತು 70,000 ಕೋಟಿ ಡಾಲರ್‌ವರೆಗೆ ಮಂಜೂರು ಮಾಡಿತು. ಕಂತು ಕಟ್ಟಲಾಗದವರ ಮನೆಗಳು ಹರಾಜಾದವು. ಆ ಸಿಟ್ಟು 2011ರ ಸೆಪ್ಟೆಂಬರ್ 17ರಂದು ನ್ಯೂಯಾರ್ಕಿನ ಜುಕೋಟಿ ಪಾರ್ಕಿಗೆ ಬಂದು ಟಾರ್ಪಾಲು ಹಾಸಿತು. ಪೊಲೀಸರು ಅವತ್ತೇ ಯಾಕೆ ಎಬ್ಬಿಸಲಿಲ್ಲ ಅಂದರೆ, ಸರ್ಕಾರಿ ಪಾರ್ಕುಗಳಿಗೆ ರಾತ್ರಿ ಬೀಗ. ಇದು ಖಾಸಗಿ ಜಾಗ, ಆದರೆ ಹಗಲೂ ರಾತ್ರಿ ಸಾರ್ವಜನಿಕರಿಗೆ ತೆರೆದಿರಬೇಕು ಎಂಬ ಷರತ್ತಿನದು.

ಪರ್ಮಿಟ್ ಇಲ್ಲದೆ ಮೈಕ್ ಹಾಕುವಂತಿರಲಿಲ್ಲ. ಅದಕ್ಕೇ ಜನರೇ ಮೈಕ್ ಆದರು. ಮಾತಾಡುವವನು "ಮೈಕ್ ಚೆಕ್" ಎನ್ನಬೇಕು, ಸುತ್ತಲಿನವರು "ಮೈಕ್ ಚೆಕ್" ಎನ್ನಬೇಕು. ಆಮೇಲೆ ಅವನು ನಾಲ್ಕೈದು ಪದ ಹೇಳಿ ನಿಲ್ಲಬೇಕು, ಜನ ಅಷ್ಟನ್ನೇ ಒಪ್ಪಿಸಬೇಕು. ಮದುವೆ ಮಂಟಪದಲ್ಲಿ ಪುರೋಹಿತರ ಹಿಂದೆ ವರ ಸಂಕಲ್ಪ ಹೇಳಿದ ಹಾಗೆ. ಗುಂಪು ದೊಡ್ಡದಾದರೆ ಹಿಂದಿನ ಸಾಲಿನವರು ಇನ್ನೊಮ್ಮೆ, ಅವರ ಹಿಂದಿನವರು ಮತ್ತೊಮ್ಮೆ. ಭಾಷಣದ ಚಟವಿರುವವರಿಗೆ ಇದು ಒಗ್ಗುವುದಿಲ್ಲ. ವಾಕ್ಯ ಉದ್ದವಾಯಿತೋ, ಎರಡನೇ ಅರ್ಧ ಜನರ ಬಾಯಲ್ಲೇ ಕರಗಿಹೋಗುತ್ತದೆ. ಜೋಕಿಗೆ ಮುಂದಿನವರು ನಕ್ಕು ಮುಗಿಸಿದ ಮೇಲೆ ಹಿಂದಿನವರು ನಗುತ್ತಾರೆ. ನಿಮಗೆ ಒಪ್ಪಿಗೆಯಿಲ್ಲದ ಮಾತನ್ನೂ ನೀವೇ ಗಂಟಲು ಹರಿದುಕೊಂಡು ಸಾರಬೇಕು!

ಸಭೆಯಲ್ಲಿ ಅಭಿಪ್ರಾಯ ಹೇಳುವುದು ಕೈಯಲ್ಲೇ. ಒಪ್ಪಿದರೆ ಬೆರಳುಗಳನ್ನು ಮೇಲಕ್ಕೆತ್ತಿ ಅಲ್ಲಾಡಿಸುವುದು, ಒಪ್ಪದಿದ್ದರೆ ಕೆಳಕ್ಕೆ. ಎದೆಯ ಮುಂದೆ ಕೈ ಅಡ್ಡ ಕಟ್ಟಿದರೆ ತಡೆ. ಆಗ ನಿರ್ಣಯಕ್ಕೆ ಹತ್ತರಲ್ಲಿ ಒಂಬತ್ತು ಪಾಲು ಜನರ ಬೆಂಬಲ ಬೇಕು. ಊಟದ ಮೇಜಿನ ಬಳಿ ಇದನ್ನು ಮಾಡಿ ತೋರಿಸಬೇಡಿ. ಬೆರಳು ಕೆಳಗೆ ಅಲ್ಲಾಡಿಸಿದರೆ ಅತ್ತೆ ಸಾರು ಬೇಡವೇನೋ ಎಂದುಕೊಂಡು ಸೌಟು ಹಿಂದಕ್ಕೆ ತೆಗೆಯುತ್ತಾರೆ.

ಅಜ್ಜಿಯ ಪ್ರಶ್ನೆ ಎಲ್ಲರದ್ದಕ್ಕಿಂತ ಹರಿತ: "ಅಷ್ಟು ಜನ ಕಕ್ಕಸಿಗೆ ಎಲ್ಲಿ ಹೋಗ್ತಿದ್ದರು?" ಪಾರ್ಕಿನಲ್ಲಿ ಇರಲಿಲ್ಲ, ಅಜ್ಜಿ. ಅಕ್ಕಪಕ್ಕದ ಹೋಟೆಲುಗಳೇ ಗತಿ. ಮಾಲೀಕರ ಮುಖ ಹೇಗಿತ್ತೆಂದು ಊಹಿಸಿಕೊಳ್ಳಿ. ಅಕ್ಟೋಬರ್ 28ರಂದು ಅಗ್ನಿಶಾಮಕ ದಳದವರು ಜನರೇಟರುಗಳನ್ನು ಒಯ್ದರು, ಮರುದಿನವೇ ಹಿಮ ಸುರಿಯಿತು. ಕೊನೆಗೆ ಸೈಕಲ್ ತುಳಿದು ಬ್ಯಾಟರಿ ಚಾರ್ಜ್ ಮಾಡಿಕೊಂಡರು.

ನವೆಂಬರ್ 15ರ ನಡುರಾತ್ರಿ ಪೊಲೀಸರು ಪಾರ್ಕು ತೆರವು ಮಾಡಿದಾಗ ಅಲ್ಲಿನ ಗ್ರಂಥಾಲಯದ ಸಾವಿರಾರು ಪುಸ್ತಕಗಳೂ ಹೋದವು. ಚಳವಳಿಯವರು ಕೋರ್ಟಿಗೆ ಹೋದ ಮೇಲೆ 2013ರಲ್ಲಿ ನಗರಾಡಳಿತ ರಾಜಿಗೆ ಬಂತು: ಪುಸ್ತಕಗಳಿಗೆ 47,000 ಡಾಲರ್, ವಕೀಲರ ಫೀಸಿಗೆ 1 ಲಕ್ಷ 86 ಸಾವಿರ ಚಿಲ್ಲರೆ. ಸೈಟಿನ ವ್ಯಾಜ್ಯಕ್ಕೆ ಕೋರ್ಟು ಅಲೆದ ಚಿಕ್ಕಪ್ಪನಿಗೆ ಈ ಭಾಗ ವಿವರಿಸುವುದೇ ಬೇಕಾಗಿಲ್ಲ.