ಬಿರುಕು ಮುಚ್ಚುವ ಮೊದಲು

2022ರ ಜೂನ್ ಕೊನೆಯಲ್ಲಿ ಕೊಡಗಿನ ಚೆಂಬು, ಸಂಪಾಜೆ, ಕರಿಕೆ ಭಾಗದಲ್ಲಿ ಭೂಮಿ ಮತ್ತೆ ಮತ್ತೆ ನಡುಗಿದಾಗ ನಾನು ಚೆಂಬಿನಲ್ಲಿರುವ ಅತ್ತೆಯ ಮನೆಗೆ ಹೋಗಿದ್ದೆ. ಅಡುಗೆಮನೆಯ ಕಿಟಕಿಯ ಮೂಲೆಯಿಂದ ಮಾಡಿನ ಕಡೆಗೆ ಓರೆಯಾಗಿ ಒಂದು ಬಿರುಕು ಹತ್ತಿತ್ತು. ಬೆರಳಿಟ್ಟರೆ ಒಳಗಿನ ಮಣ್ಣು ಉದುರುತ್ತಿತ್ತು. ಅದು ನಿಂತ ಜಾಗದಲ್ಲಿ ಅತ್ತೆ ಇದ್ದಿಲಿನಿಂದ ಗೀಟೆಳೆದು ತಾರೀಕು ಬರೆದಿದ್ದರು. ಮುಂದಿನ ಕಂಪನಕ್ಕೆ ಬಿರುಕು ಗೀಟನ್ನು ದಾಟಿತು. ಅವರು ಇನ್ನೊಂದು ಗೀಟೆಳೆದರು.

ಕಂಪನದ ಅಧ್ಯಯನಕ್ಕೆಂದು ಮೂರು ತಂಡಗಳು ಬಂದು ಹೋದವು. ಸದ್ದು ಮೊದಲು ಕೇಳಿಸಿತೋ ನಡುಕ ಮೊದಲೋ, ಪಾತ್ರೆಗಳು ಬಿದ್ದವೇ ಎಂದು ಮೂವರೂ ಕೇಳಿದ್ದನ್ನೇ ಕೇಳಿದರು. ಆ ಎರಡು ಗೀಟುಗಳ ಫೋಟೋ ಯಾರೂ ತೆಗೆಯಲಿಲ್ಲ. "ನಾಲ್ಕನೆಯವರು ಬಂದರೆ ನೀನೇ ಹೇಳು ಮಗ, ನನಗೆ ಹೇಳಿ ಸಾಕಾಯಿತು" ಎಂದರು ಅತ್ತೆ. ಮಳೆ ಜೋರಾದಾಗ ಮೇಸ್ತ್ರಿಯನ್ನು ಕರೆಸಿ ಸಿಮೆಂಟ್ ಮೆತ್ತಿಸಿದರು. ಕೊಡಗಿನ ಆಷಾಢದಲ್ಲಿ ಗೋಡೆ ಒಡೆದುಕೊಂಡು ಕೂರಲು ಯಾರಿಗೂ ಆಗದು, ಅವರು ಮಾಡಿದ್ದು ಸರಿಯೇ. ಆದರೆ ಒಂದು ಪುರಾವೆ ಅಲ್ಲಿಗೆ ಅಳಿಸಿಹೋಯಿತು.

ದೊಡ್ಡ ಭೂಕಂಪಗಳಲ್ಲೂ ಆಗುವುದು ಇದೇ. ಜನರನ್ನು ಹೊರತೆಗೆಯಲು ಅವಶೇಷ ಸರಿಸಲೇಬೇಕು, ರಸ್ತೆ ತೆರೆಯಲೇಬೇಕು; ನೆಲದ ಸೀಳುಗಳು ಒಂದೆರಡು ಮಳೆಗೆ ಮುಚ್ಚುತ್ತವೆ, ಪಶ್ಚಾತ್ ಕಂಪನಗಳು ದಿನದಿಂದ ದಿನಕ್ಕೆ ವಿರಳವಾಗುತ್ತವೆ. ಆದ್ದರಿಂದ ಯಾರು ಎಲ್ಲಿಗೆ ಹೋಗಬೇಕು, ಏನನ್ನು ಮೊದಲು ದಾಖಲಿಸಬೇಕು ಎಂಬುದು ಭೂಮಿ ನಡುಗುವ ಮೊದಲೇ ನಿರ್ಧಾರವಾಗಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಕಂಪನದ ನಂತರ ಭೂವಿಜ್ಞಾನಿಗಳೂ ಎಂಜಿನಿಯರುಗಳೂ ಸಂಜೆ ಒಂದೆಡೆ ಸೇರಿ, ಅಂದು ಕಂಡದ್ದನ್ನು ಹಂಚಿಕೊಂಡು ಮರುದಿನದ ಕೆಲಸ ಗೊತ್ತುಮಾಡುವ ಪದ್ಧತಿಯಿದೆ.

ನಮ್ಮ ದೇಶಕ್ಕೂ ಇದು ಹೊಸತಲ್ಲ. 1897ರ ಅಸ್ಸಾಂ ಭೂಕಂಪದ ನಂತರ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ರಿಚರ್ಡ್ ಓಲ್ಡ್‌ಹ್ಯಾಂ ವ್ಯಾಪಕವಾಗಿ ಮಾಹಿತಿ ಕಲೆಹಾಕಿ 1899ರಲ್ಲಿ ವರದಿ ಪ್ರಕಟಿಸಿದರು. ಭೂಕಂಪದ ಅಲೆಗಳಲ್ಲಿ ಬೇರೆಬೇರೆ ಬಗೆಗಳಿವೆಯೆಂದು ದಾಖಲೆಗಳಲ್ಲಿ ಗುರುತಿಸಲು ಸಾಧ್ಯವಾದದ್ದು ಆ ಅಧ್ಯಯನದಿಂದ. ನಮಗೆ ಇನ್ನೂ ಹತ್ತಿರದ್ದು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಆದ ಭೂಕಂಪ. ಅತ್ಯಂತ ಕಡಿಮೆ ಅಪಾಯದ ವಲಯವೆಂದು ನಕ್ಷೆಯಲ್ಲಿದ್ದ ಊರಿನಲ್ಲಿ, ಭಾರವಾದ ಕಲ್ಲು-ಮಣ್ಣಿನ ಗೋಡೆಗಳು ಮಲಗಿದ್ದವರ ಮೇಲೆ ಕುಸಿದು ಸಾವಿರಾರು ಜನ ಸತ್ತರು. 2002ರಲ್ಲಿ ಭೂಕಂಪ ತಾಳುವ ಕಟ್ಟಡಗಳ ವಿನ್ಯಾಸಕ್ಕಿರುವ ಭಾರತೀಯ ಮಾನಕವನ್ನು ಪರಿಷ್ಕರಿಸಿದಾಗ ಆ ಒಂದನೇ ವಲಯವನ್ನೇ ತೆಗೆದುಹಾಕಲಾಯಿತು. ಕುಸಿದ ಗೋಡೆಯನ್ನು ಸರಿಯಾಗಿ ಓದಿದರೆ ಮುಂದೆ ಕಟ್ಟುವ ಗೋಡೆ ಬದಲಾಗುತ್ತದೆ.

ಕೊಡಗಿನಲ್ಲಿ ಈ ಓದು ಇನ್ನಷ್ಟು ಕಷ್ಟ, ಏಕೆಂದರೆ ಇಲ್ಲಿ ಕಂಪನವೂ ಬರೆಯ (ಕಡಿದಾದ ಮಣ್ಣಿನ ಇಳಿಜಾರಿನ) ಕುಸಿತವೂ ಒಂದೇ ಮಳೆಗಾಲದಲ್ಲಿ ಬರಬಹುದು. 2018ರ ಜುಲೈಯಲ್ಲಿ ಲಘು ಕಂಪನವಾಯಿತು, ಆಗಸ್ಟಿನಲ್ಲಿ ಬೆಟ್ಟಗಳು ಜಾರಿದವು. ಭಾರೀ ಮಳೆ ಮತ್ತು ಇಳಿಜಾರನ್ನು ಕತ್ತರಿಸಿದ್ದು ಮುಖ್ಯ ಕಾರಣಗಳೆಂದು ತಜ್ಞರು ಹೇಳಿದರೂ, ಕಂಪನಕ್ಕೂ ಕುಸಿತಕ್ಕೂ ನಂಟಿದೆಯೇ ಎಂಬ ಮಾತು ನಮ್ಮೂರ ಅಂಗಡಿ ಜಗಲಿಯಲ್ಲಿ ಇನ್ನೂ ನಿಂತಿಲ್ಲ. ಕಂಪನವಾದ ವಾರದಲ್ಲೇ ಬರೆಗಳ ಮೇಲಿನ ಸೀಳುಗಳನ್ನು ತೋಟತೋಟಕ್ಕೆ ಹೋಗಿ ಗುರುತಿಸಿಟ್ಟರೆ, ಮುಂದಿನ ಸಲ ಈ ಪ್ರಶ್ನೆಗೆ ಉತ್ತರಿಸಲು ಆಧಾರವಿರುತ್ತದೆ.

2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಹಾಗಾಗಿ ಬರುವ ಎಲ್ಲ ತಂಡಗಳೂ ಒಂದೇ ಕಡೆ ನೋಂದಾಯಿಸಿಕೊಂಡು, ಒಂದೇ ನಮೂನೆಯಲ್ಲಿ ಮಾಹಿತಿ ಪಡೆದು ಪರಸ್ಪರ ಹಂಚಿಕೊಳ್ಳುವ ವ್ಯವಸ್ಥೆಗೆ ಹೊಸ ಕಾನೂನು ಬೇಕಿಲ್ಲ. ಪರಿಹಾರಕ್ಕೆಂದು ಗೋಡೆ ನೋಡಲು ಹೇಗೂ ಬರುವ ಗ್ರಾಮ ಆಡಳಿತಾಧಿಕಾರಿಗಳಿಗೆ ಬಿರುಕಿನ ಪಕ್ಕ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯುವುದನ್ನು ಕಲಿಸಬಹುದು. ಕೊನೆಗೆ ಸಿದ್ಧವಾಗುವ ವರದಿಯನ್ನು ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಓದಬೇಕು. ಮೂರು ಸಲ ಉತ್ತರ ಕೊಟ್ಟ ನನ್ನ ಅತ್ತೆಗೆ, ತಮ್ಮ ಗೋಡೆ ಏಕೆ ಬಿರಿಯಿತೆಂದು ಇದುವರೆಗೆ ಒಬ್ಬರೂ ಬಂದು ಹೇಳಿಲ್ಲ.

ಆ ದಿನಗಳಲ್ಲಿ ಮನೆಯ, ಬರೆಯ, ಬಾವಿಯ ಫೋಟೋ ತೆಗೆದವರು ಈ ಬರಹ ಓದುತ್ತಿದ್ದರೆ ದಯವಿಟ್ಟು ಅವನ್ನು ಅಳಿಸಬೇಡಿ. ಊರು, ತಾರೀಕು, ಗೋಡೆ ಯಾವ ದಿಕ್ಕಿನದು ಎಂಬುದನ್ನು ನೆನಪಿರುವಾಗಲೇ ಬರೆದಿಟ್ಟುಕೊಳ್ಳಿ.